ಗಂಗವ್ವನ ಎಡೆಯ ಬೆಲ್ಲ

ಮಾರೆವ್ವನಿಗೆ ನೀರೆಂದರೆ ಜೀವ ಹೋಗುವಷ್ಟು ಅಂಜಿಕೆ. ಕೇಳಿದವರು ನಗುತ್ತಿದ್ದರು, ನಗದೆ ಏನು ಮಾಡ್ಯಾರು? ಆಕೆಯ ಗಂಡ ಗಾದಿಲಿಂಗಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನು. ಗಂಗಾವತಿ ಕಡೆಯ ದಂಡೆಯಿಂದ ಹೊಳೆಯ ನಡುವಿನ ವಿರೂಪಾಪುರಗಡ್ಡೆಗೆ ಜನರನ್ನು ದಾಟಿಸುವುದೇ ಅವನ ಬದುಕು. ಅವರ ಮನೆಯ ಬಾಗಿಲಲ್ಲಿ ನಿಂತು ಕಲ್ಲು ಒಗೆದರೆ ಹೊಳೆಗೆ ಬೀಳಬೇಕು, ಅಷ್ಟು ಹತ್ತಿರ ನೀರು. ಹಗಲೆಲ್ಲ ಅದರ ಸಪ್ಪಳ ಕೇಳುತ್ತಾ ಅಡುಗೆ ಮಾಡಿ, ಆಡು ಮೇಯಿಸಿ, ಎರಡು ಹೆಣ್ಣುಮಕ್ಕಳನ್ನು ಹಡೆದು ಬೆಳೆಸಿ ಯಲಬುರ್ಗಿ ಕಡೆಗೆ ಮದುವೆ ಮಾಡಿಕೊಟ್ಟ ಹೆಂಗಸು ಇನ್ನೂ ನೀರಿಗೆ ಅಂಜುತ್ತಾಳೆಂದರೆ ಯಾರಿಗಾದರೂ ನಗು ಬರುತ್ತದೆ.

ಅವಳ ತಪ್ಪೇನೂ ಇರಲಿಲ್ಲ. ಹುಟ್ಟಿದ್ದು ಕುಷ್ಟಗಿ ಸೀಮೆಯ ತಾವರಗೇರಾ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ನೀರೆಂದರೆ ಬಾವಿಯ ತಳಕ್ಕೆ ಇಣುಕಿ ನೋಡುವಂಥದ್ದು, ಹಗ್ಗ ಜಗ್ಗಿ ಜಗ್ಗಿ ರಟ್ಟೆ ಸೋತ ಮೇಲೆ ಅರ್ಧ ಕೊಡ ಸಿಗುವಂಥದ್ದು. ಅಂಥ ಊರಿನ ಹುಡುಗಿಯನ್ನು ತಂದು, ದನ ಕೊಚ್ಚಿಕೊಂಡು ಹೋಗುವ ಹೊಳೆಯ ಮುಂದೆ ನಿಲ್ಲಿಸಿದರೆ ಎದೆ ಒಡೆಯದೆ ಇರುತ್ತದೆಯೇ? ಮದುವೆಯಾದ ಹೊಸದರಲ್ಲಿ ಹರಿಗೋಲು ಹತ್ತಲಾರೆ ಎಂದು ದಂಡೆಯಲ್ಲಿ ಕೂತು ಅತ್ತಿದ್ದಳಂತೆ. ನೆರೆಮನೆಯ ಹೆಂಗಸರು, "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ಎಂದು ಕಾಡಿದರು. ಗಾದಿಲಿಂಗಪ್ಪ ಮಾತ್ರ ನಗಲಿಲ್ಲ. "ನೀರ ನೋಡಬ್ಯಾಡ. ನನ್ನ ಕೈ ನೋಡು," ಎಂದ.

ಅಂದಿನಿಂದ ಅವಳು ಅವನ ಕೈ ನೋಡುತ್ತಲೇ ಹೊಳೆ ದಾಟಿದಳು. ಹುಟ್ಟು ಹಾಕುವ ಆ ಕೈಗಳು ಒಂದು ಕಡೆ ನೀರು ಜಗ್ಗಿ, ಇನ್ನೊಂದು ಕಡೆ ತಳ್ಳಿ, ದುಂಡನೆಯ ಹರಿಗೋಲನ್ನು ತಿರುಗದಂತೆ ಹಿಡಿದು ನೆಟ್ಟಗೆ ಒಯ್ಯುತ್ತಿದ್ದವು. ಗಡ್ಡೆಯ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುವಾಗ, ಕೊಯ್ಲಿಗೆ ಹೋಗುವಾಗ, ಬೇರೆ ಹೆಂಗಸರು ಹರಟೆ ಹೊಡೆಯುತ್ತಿದ್ದರೆ ಮಾರೆವ್ವ ಗಂಡನ ಮೊಣಕೈಯನ್ನೇ ನೋಡುತ್ತಾ ಕೂತಿರುತ್ತಿದ್ದಳು. ಆ ಕೈ ಒಂದು ದಿನ ಸೋತೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಗಾದಿಲಿಂಗಪ್ಪನಿಗೆ ಸಕ್ಕರೆ ಬೇನೆ ಕಾಣಿಸಿಕೊಂಡಾಗ ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಎಷ್ಟು ನೀರು ಕುಡಿದರೂ ಬಾಯಿ ಒಣಗುವುದು, ಮೈ ಸೊರಗುವುದು, ಕಾಲಿನ ಗಾಯ ಮಾಯದೆ ಉಳಿಯುವುದು. ಗಂಗಾವತಿಗೆ ಹೋದರೆ ಅಲ್ಲಿಯ ಡಾಕ್ಟರು ಉಚ್ಚೆಯನ್ನು ನೀಲಿ ಔಷಧದಲ್ಲಿ ಹಾಕಿ ಕುದಿಸಿದರು. ನೀಲಿ ಹೋಗಿ ಇಟ್ಟಂಗಿ ಬಣ್ಣ ಬಂತು. "ಸಕ್ಕರಿ ಭಾಳ ಐತಿ" ಎಂದು ಗುಳಿಗೆ ಬರೆದುಕೊಟ್ಟರು, ಬಹಳ ಹೊತ್ತು ಏನೇನೋ ಹೇಳಿದರು. ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಗಂಡ ಹೆಂಡತಿ ಮನೆಗೆ ಹೊತ್ತುಕೊಂಡು ಬಂದದ್ದು ಎರಡೇ ಮಾತು: ಗುಳಿಗೆ ತಪ್ಪಿಸಬಾರದು, ಸಿಹಿ ಮುಟ್ಟಬಾರದು. ಗುಳಿಗೆ ನುಂಗಿದ ಮೇಲೆ ಹಸಿದಿರಬಾರದು ಎಂಬ ಮೂರನೆಯ ಮಾತೊಂದಿತ್ತು. ಡಾಕ್ಟರು ಅದನ್ನು ಹೇಳಲಿಲ್ಲವೋ, ಇವರ ಕಿವಿಗೆ ಅದು ಬೀಳಲಿಲ್ಲವೋ, ಆ ಶಿವನೇ ಬಲ್ಲ.

ಆವತ್ತಿನಿಂದ ಮಾರೆವ್ವ ಮನೆಯ ಫೌಜದಾರಳಾದಳು. ಬೆಲ್ಲದ ಗಡಿಗೆ ಅಡುಗೆಮನೆಯಿಂದ ಆಡಿನ ಕೊಟ್ಟಿಗೆಯ ಮಾಡಿಗೆ ಹೋಯಿತು. ಯಾರ ಮನೆಯಲ್ಲಾದರೂ ಅವನಿಗೆ ಪಾಯಸ ಕೊಟ್ಟರೆ ಆ ಮನೆಯವರಿಗೆ ಒಂದು ವಾರ ಸಾಲುವಷ್ಟು ಬೈಗುಳ. ಬೆಳಗಾದರೆ ಸಾಕು, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ಕೈಯಲ್ಲಿ ಗುಳಿಗೆ. ದೇವರಿಗೆ ದೀಪ ಹಚ್ಚುವುದು ಒಂದು ದಿನ ತಪ್ಪಿದರೂ ತಪ್ಪೀತು, ಇದು ತಪ್ಪುತ್ತಿರಲಿಲ್ಲ. ಗಾದಿಲಿಂಗಪ್ಪ, "ನಮ್ಮ ಮನಿಯಾಗ ಠಾಣೇನ ಐತಿ, ಗಂಗಾವತಿಗೆ ಯಾಕ ಹೋಗ್ತೀರಿ?" ಎಂದು ಹರಿಗೋಲಿನಲ್ಲಿ ಕೂತವರಿಗೆ ಹೇಳಿ ನಗಿಸುತ್ತಿದ್ದ. ಗುಳಿಗೆಯಿಂದ ಗುಣವೂ ಕಂಡಿತು. ಬಾಯಿ ಒಣಗುವುದು ನಿಂತಿತು, ಕಾಲಿನ ಗಾಯ ಮಾಯಿತು. ಮಾರೆವ್ವನಿಗೆ ಆ ಗುಳಿಗೆಯ ಮೇಲೆ ಎಲ್ಲಿಲ್ಲದ ನಂಬಿಕೆ ಕೂತುಬಿಟ್ಟಿತು.

ಆಮೇಲಿನ ಬೇಸಗೆಯಲ್ಲಿ ಒಂದು ಸಂಜೆ ಅವನು ಮಧ್ಯಾಹ್ನದ ಊಟವಿಲ್ಲದೆ ತಡವಾಗಿ ಮನೆಗೆ ಬಂದ. ಕಟ್ಟೆಯ ಮೇಲೆ ಕೂತವನು ಏಳಲಿಲ್ಲ. ಮಾರೆವ್ವ ನೀರು ಕೊಡಲು ಹೋದರೆ ಅವಳ ಮುಖ ನೋಡಿ, "ಅವ್ವಾ, ಹೊಳಿಗೆ ಹೋಗಲೇನು?" ಎಂದ. ಅವನ ತಾಯಿ ಸತ್ತು ಯಾವ ಕಾಲವಾಗಿತ್ತೋ. ಅವನ ಹಣೆ ಮುಟ್ಟಿದರೆ ಬೆವರು ಧಾರಾಕಾರ ಹರಿಯುತ್ತಿದೆ, ಮೈ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗೆ. ಬೆರಳುಗಳು ನಡುಗುತ್ತಿವೆ. ಕಣ್ಣು ಅವಳನ್ನು ನೋಡುತ್ತಿದ್ದರೂ ಅವಳ ಗುರುತು ಹಿಡಿಯುತ್ತಿರಲಿಲ್ಲ. ಸಾವನ್ನು ಕಂಡಿದ್ದವಳಿಗೆ ಇದು ಸಾವಿಗಿಂತ ಕೆಟ್ಟದ್ದೆನಿಸಿತು. ಗಂಡ ಕಣ್ಣೆದುರೇ ಕೂತಿದ್ದಾನೆ, ಆದರೆ ಮೈಯೊಳಗೆ ಬೇರೆ ಯಾರೋ ಇದ್ದಾರೆ.

ಅವಳ ಚೀರು ಕೇಳಿ ಪಕ್ಕದ ಮನೆಯ ತಾಜಬೀ ಓಡಿ ಬಂದಳು. ತಾಜಬೀ ನಾಟಿ ಹಚ್ಚುವ ಹೆಣ್ಣಾಳುಗಳ ಮುಂದಾಳು, ಗಟ್ಟಿ ಜೀವ. ಒಮ್ಮೆ ನೋಡಿ, "ಹೊಳಿ ದಂಡಿ ಗಾಳಿ ಸೋಕೈತಿ ಮಾರಕ್ಕ, ಅಂಜಬ್ಯಾಡ," ಎಂದು ಮನೆಗೆ ಹೋಗಿ, ದರ್ಗಾದಲ್ಲಿ ಪ್ರಾರ್ಥನೆ ಓದಿಸಿ ತಂದಿಟ್ಟಿದ್ದ ಸಕ್ಕರೆಯ ಪೊಟ್ಟಣ ತಂದಳು.

"ಸಕ್ಕರಿ ಬ್ಯಾಡ! ಸಕ್ಕರಿ ಇವರಿಗೆ ವಿಷ ಐತಿ," ಎಂದು ಮಾರೆವ್ವ ಅಡ್ಡ ಬಂದಳು.

"ಇದು ಅಂಗಡಿ ಸಕ್ಕರಿ ಅಲ್ಲಕ್ಕ. ಓದಿಸಿದ್ದು. ಇದರಿಂದ ಕೇಡಾಗೂದಿಲ್ಲ."

ತಾಜಬೀ ಒಂದು ಹಿಡಿ ಸಕ್ಕರೆಯನ್ನು ಅವನ ಬಾಯಿಗೆ ಹಾಕಿದಳು, ಮೇಲೆ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಗಾದಿಲಿಂಗಪ್ಪ ಕಣ್ಣುಜ್ಜಿಕೊಂಡು, "ಯಾಕ, ಎಲ್ಲಾರೂ ನನ್ನ ಮುಂದ ಯಾಕ ನಿಂತೀರಿ?" ಎಂದು ಕೇಳಿದ. ಮಾರೆವ್ವ ತಾಜಬೀಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ಗಾಳಿ ಬಿಟ್ಟಿತು ಎಂದೇ ಎಲ್ಲರೂ ತಿಳಿದರು. ಮಾರೆವ್ವ ದರ್ಗಾಕ್ಕೆ ಹೋಗಿ ಗಂಡನ ರಟ್ಟೆಗೆ ತಾಯತ ಕಟ್ಟಿಸಿದಳು. ಡಾಕ್ಟರಿಗೆ ಹೇಳಿದಳೇ? ಇಲ್ಲ. ಗಾಳಿ ಸೋಕಿದ್ದನ್ನು ಡಾಕ್ಟರಿಗೆ ಹೇಳುವವರುಂಟೇ? ಹೇಳಿದರೆ ಸಕ್ಕರೆ ತಿನ್ನಿಸಿದ್ದನ್ನೂ ಹೇಳಬೇಕಾಗುತ್ತಿತ್ತು, ಅವರು ಬೈಯುತ್ತಿದ್ದರು. ಹೀಗೆ ಬೈಗುಳಕ್ಕೆ ಅಂಜಿ ಬಾಯಿ ಮುಚ್ಚಿಕೊಂಡದ್ದು ಮುಂದೆ ಎಷ್ಟು ಜೀವಕ್ಕೆ ಎರವಾಗುತ್ತಿತ್ತೆಂದು ಅವಳಿಗೇನು ಗೊತ್ತು.

ಮಳೆಗಾಲ ಬಂತು. ಮೇಲೆ ಡ್ಯಾಮು ತುಂಬಿ ಹೊಳೆಗೆ ಹೊಸ ಕೆಂಪು ನೀರು ಇಳಿಯಿತು. ಹೊಸ ನೀರು ಬಂದಾಗ ಗಂಗವ್ವನಿಗೆ ಎಡೆ ಬಿಡುವುದು ಆ ಮನೆತನದ ಪದ್ಧತಿ. ಹೋಳಿಗೆ, ಬೆಲ್ಲದ ಹೆಂಟೆ, ಹಸಿರು ಬಳೆ, ಅರಿಷಿಣ ಕುಂಕುಮವನ್ನು ಬುಟ್ಟಿಯಲ್ಲಿಟ್ಟುಕೊಂಡು, ಹುಟ್ಟು ಹಾಕುವವನು ಹೆಂಡತಿಯ ಜೊತೆ ನಡುಹೊಳೆಗೆ ಹೋಗಿ ಬಿಟ್ಟು ಬರಬೇಕು. ಅಲ್ಲಿಯತನಕ ಅವನ ಬಾಯಿಗೆ ಅಗುಳು ಬೀಳಬಾರದು. ಎಡೆಯನ್ನಂತೂ ಗಂಗವ್ವ ಮುಟ್ಟುವ ಮೊದಲು ಯಾರೂ ಮೂಸಿಯೂ ನೋಡಬಾರದು. ಹಿಂದೆ ಯಾರೋ ಎಡೆಯ ಹೋಳಿಗೆ ತಿಂದು, ಅದೇ ವಾರ ಹೊಳೆಯ ಪಾಲಾದ ಕಥೆಯನ್ನು ಗಾದಿಲಿಂಗಪ್ಪನ ಅಣ್ಣ ಮುದುಕಪ್ಪ ಪ್ರತಿ ವರ್ಷ ಹೇಳುತ್ತಿದ್ದ. ಪೂಜೆಯ ಕಟ್ಟುಪಾಡಿಗೆಲ್ಲ ಅವನೇ ಹಿರಿಯ.

ಆವತ್ತು ಬೆಳಗ್ಗೆ ಮಾರೆವ್ವ ಗುಳಿಗೆ ಹಿಡಿದು ಬಂದಳು. ಗಾದಿಲಿಂಗಪ್ಪ, "ಇವತ್ತು ಉಪಾಸ ಅಲ್ಲೇನು?" ಎಂದ.

"ಗುಳಿಗಿಯಿಂದ ಉಪಾಸ ಮುರಿಯೂದಿಲ್ರಿ. ಔಷಧ ಏನು ಊಟ ಆತೇನು?"

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಮಾತು. ಆದರೆ ಸಂಜೆ ಪೂಜೆ ಮುಗಿದ ಮೇಲೆ ಹೋಳಿಗೆಯ ಊಟವಿತ್ತು. ವರ್ಷಕ್ಕೊಮ್ಮೆ ಬರುವ ಹಬ್ಬ, ಅಂದಾದರೂ ಗಂಡ ಒಂದು ಹೋಳಿಗೆ ತಿನ್ನಲಿ ಎಂದು ಅವಳ ಜೀವ ಮರುಗಿತ್ತು. ಹೋಳಿಗೆಯ ಸಿಹಿಗೆ ಈಗಲೇ ಕಟ್ಟೆ ಕಟ್ಟಿದರಾಯಿತು ಎಂದುಕೊಂಡು, ತಾನೇ ಲೆಕ್ಕ ಹಾಕಿ ಇನ್ನೊಂದು ಗುಳಿಗೆಯನ್ನೂ ಅವನ ಅಂಗೈಗಿಟ್ಟಳು. ಅವನು ಎರಡನ್ನೂ ನುಂಗಿದ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಪ್ರೀತಿಯ ಕೈಗೆ ಅದು ನೆನಪಾಗುವುದಿಲ್ಲ, ಅಷ್ಟೇ.

ಹೊತ್ತೇರುವುದರೊಳಗೆ ಎಡೆ ಬಿಡುವುದೆಂದಿತ್ತು. ಆದರೆ ಹೊಳೆ ಏರುತ್ತಿತ್ತು. ಗಡ್ಡೆಯ ಗದ್ದೆಗಳಲ್ಲಿ ಸಸಿ ಕಿತ್ತಿಟ್ಟಾಗಿದೆ, ನಾಳೆ ದಾಟಲು ಆಗದಿದ್ದರೆ ಎಲ್ಲ ಬಾಡುತ್ತದೆ ಎಂದು ತಾಜಬೀಯ ಗುಂಪಿನ ಹೆಂಗಸರು ದಂಡೆಯಲ್ಲಿ ಬಂದು ನಿಂತರು. ಗಾದಿಲಿಂಗಪ್ಪ ಇಲ್ಲ ಎನ್ನುವವನಲ್ಲ. ಬರಿ ಹೊಟ್ಟೆಯಲ್ಲೇ ಒಂದಾದ ಮೇಲೊಂದು ಖೇಪು ಹಾಕಿ ಹೆಂಗಸರನ್ನು ದಾಟಿಸಿದ. ಸೂರ್ಯ ನೆತ್ತಿಗೆ ಬಂದಾಗ ಕೊನೆಯ ಗುಂಪು ಉಳಿಯಿತು. ಇವರನ್ನು ಗಡ್ಡೆಗೆ ಬಿಟ್ಟು, ಬರುವಾಗ ನಡುಹೊಳೆಯಲ್ಲಿ ಎಡೆ ಬಿಡೋಣವೆಂದು ಮಾರೆವ್ವನನ್ನೂ ಬುಟ್ಟಿಯ ಸಮೇತ ಹತ್ತಿಸಿಕೊಂಡ.

ಮಾರೆವ್ವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಎಂದಿನಂತೆ ಅವನ ಕೈ ನೋಡುತ್ತಾ ಕೂತಳು. ಪಕ್ಕದಲ್ಲಿ ತಾಜಬೀ, ಎದುರಿಗೆ ಬಾಯಿಬಡುಕಿ ಪಾರಮ್ಮ, ಸುತ್ತ ಉಳಿದ ಹೆಂಗಸರು. ದಂಡೆ ಬಿಟ್ಟು ಸ್ವಲ್ಪ ದೂರ ಬಂದಿದ್ದರು. ಅವನ ಬಲಗೈ ಒಮ್ಮೆ ತಡವರಿಸಿತು. ಮತ್ತೆ ಹಾಕಿದ. ಇನ್ನೊಮ್ಮೆ ತಡವರಿಸಿತು. ಆಮೇಲೆ ಹುಟ್ಟು ನೀರಿನಲ್ಲಿ ಸುಮ್ಮನೆ ಎಳೆದಾಡತೊಡಗಿತು.

"ಏನ್ರೀ?" ಎಂದಳು. ಅವನು ನೀರಿನ ಕಡೆ ನೋಡಿ ನಕ್ಕ.

ಹರಿಗೋಲು ತಿರುಗಿತು. ದಂಡೆ ಎದುರಿಗೆ ಬಂತು, ಗಡ್ಡೆ ಎದುರಿಗೆ ಬಂತು, ಮತ್ತೆ ದಂಡೆ. ಸೆಳೆತ ಅವರನ್ನು ಕೆಳಗೆ, ನೊರೆ ಏಳುತ್ತಿದ್ದ ಬಂಡೆಗಳ ಕಡೆಗೆ ಒಯ್ಯತೊಡಗಿತು. ಅಲ್ಲಿ ಬಡಿದರೆ ಹರಿಗೋಲೂ ಇಲ್ಲ, ಒಳಗಿನವರೂ ಇಲ್ಲ.

"ಹುಟ್ಟ ಹಾಕೋ ಅಣ್ಣಾ!" ಎಂದು ಹೆಂಗಸರು ಕಿರುಚಿದರು. "ಕುಡಿದು ಬಂದಾನವಾ!" ಎಂದು ಒಬ್ಬಳು ಅಳತೊಡಗಿದಳು. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ, ಜೀವಮಾನದಲ್ಲಿ ಸೆರೆ ಮುಟ್ಟಿದವನಲ್ಲ. ಅಷ್ಟರಲ್ಲಿ ಪಾರಮ್ಮ ಎರಡೂ ಕೈ ಮುಗಿದು, "ಗಂಗವ್ವ ಮೈಮ್ಯಾಲ ಬಂದಾಳ! ಎಡಿ ತಡಾ ಆತಂತ ಸಿಟ್ಟಾಗ್ಯಾಳ! ಏನು ತಪ್ಪಾತು ಹೇಳು ತಾಯಿ!" ಎಂದು ಅವನ ಕಾಲಿಗೆ ಬಿದ್ದಳು. ಉಳಿದವರೂ ಕೈ ಮುಗಿದರು. ಹುಟ್ಟು ಹಾಕುವವನನ್ನು ಬಿಟ್ಟು, ಹರಿಗೋಲಿನಲ್ಲಿ ಇದ್ದವರೆಲ್ಲ ದೇವರ ಅಪ್ಪಣೆಗೆ ಕಾಯುತ್ತಾ ಕೂತರೆ ಬಂಡೆಗಳು ಕಾಯುತ್ತವೆಯೇ?

ಹರಿಗೋಲು ಒಮ್ಮೆ ಜೋರಾಗಿ ಹೊಯ್ದಾಡಿ, ಬಂಡೆಯ ಸಂದಿಯಲ್ಲಿ ಬೆಳೆದು ಅರ್ಧ ಮುಳುಗಿದ್ದ ಗಿಡವೊಂದಕ್ಕೆ ತಾಗಿತು. "ಹಿಡೀರೆ!" ಎಂದು ತಾಜಬೀ ಮೊದಲು ಟೊಂಗೆ ಹಿಡಿದಳು. ಸಿಕ್ಕಸಿಕ್ಕವರೆಲ್ಲ ಹಿಡಿದರು. ನೀರು ಹರಿಗೋಲನ್ನು ಜಗ್ಗುತ್ತಿತ್ತು, ಹೆಂಗಸರು ಗಿಡವನ್ನು ಜಗ್ಗುತ್ತಿದ್ದರು. ಒಂದು ಟೊಂಗೆ ಲಟಕ್ಕೆಂದು ಮುರಿಯಿತು.

ಮಾರೆವ್ವ ಗಂಡನ ಹಣೆ ಮುಟ್ಟಿದಳು. ಬೆವರು, ತಣ್ಣನೆಯ ಬೆವರು. ಬೆರಳುಗಳ ಅದೇ ನಡುಕ. ಗುರುತು ಹಿಡಿಯದ ಅದೇ ಕಣ್ಣು. ಇದು ದೇವಿಯಲ್ಲ, ಆ ಸಂಜೆ ಕಟ್ಟೆಯ ಮೇಲೆ ಕೂತಿದ್ದವನೇ ಇವನು ಎಂದು ಅವಳಿಗೆ ತಿಳಿಯಿತು.

"ತಾಜಬೀ, ಓದಿಸಿದ ಸಕ್ಕರಿ ಐತೇನ?"

"ಮನಿಯಾಗೈತಿ ಅಕ್ಕ! ಇಲ್ಲೆಲ್ಲಿಂದ ತರಲಿ?"

ಇನ್ನೊಂದು ಟೊಂಗೆ ಮುರಿಯಿತು. ಮಾರೆವ್ವ ತೊಡೆಯ ಮೇಲಿನ ಬುಟ್ಟಿ ನೋಡಿದಳು. ಬಟ್ಟೆಯ ಕೆಳಗೆ ಬೆಲ್ಲದ ಹೆಂಟೆ. ಡಾಕ್ಟರು ಮುಟ್ಟಬಾರದೆಂದದ್ದು. ಗಂಗವ್ವನಿಗೆ ಮುಡಿಪಾದದ್ದು. ಅದೂ ಗಂಗವ್ವನ ನೆತ್ತಿಯ ಮೇಲೇ ಕೂತು, ಅವಳ ಕಣ್ಣೆದುರೇ ಅವಳ ಎಡೆ ಕದಿಯಬೇಕು. ಕೈ ಚಾಚಿದಳು, ಹಿಂದಕ್ಕೆ ತೆಗೆದಳು. ಗಂಡನ ತಲೆ ಎದೆಯ ಮೇಲೆ ವಾಲಿತು.

ಬಟ್ಟೆ ಕಿತ್ತೊಗೆದಳು. ಹರಿಗೋಲಿನ ಅಂಚಿಗೆ ಬಡಿದು ಬೆಲ್ಲ ಒಡೆದಳು. "ತಾಜಬೀ, ಇದರ ಮ್ಯಾಲ ಓದ!"

"ನನಗೇನು ಬರ್ತೈತಿ ಅಕ್ಕ, ನಾ ಹೆಂಗಸು, ಸಾಲಿ ಕಲಿತಾಕಿ ಅಲ್ಲ..."

"ಬಂದಷ್ಟು ಓದ! ನಿನ್ನ ಕಾಲು ಹಿಡೀತೀನಿ!"

ತಾಜಬೀ ಎರಡೂ ಕೈಯಲ್ಲಿ ಟೊಂಗೆ ಹಿಡಿದುಕೊಂಡೇ, ಚಿಕ್ಕಂದಿನಲ್ಲಿ ತಾಯಿ ಹೇಳಿಕೊಟ್ಟಿದ್ದನ್ನು ಅಳುತ್ತಾ ಅಂದು, ಬೆಲ್ಲದ ಮೇಲೆ ಉಫ್ ಎಂದು ಊದಿದಳು. "ಅಯ್ಯೋ, ಎಡಿ ಮುಟ್ಟಬ್ಯಾಡ, ಎಲ್ಲಾರನ್ನೂ ಮುಳಗಿಸ್ತಿ!" ಎಂದು ಪಾರಮ್ಮ ಅವಳ ರಟ್ಟೆ ಹಿಡಿದಳು. ಮಾರೆವ್ವ ಅವಳನ್ನು ತಳ್ಳಿದಳು. ಜೀವಮಾನವೆಲ್ಲ ನೀರಿಗೆ ಅಂಜಿದವಳು ಹೊಳೆಗೇ ಬೊಗಸೆ ಹಾಕಿ ನೀರೆತ್ತಿ, ಬೆಲ್ಲ ಕಿವುಚಿ, ಗಂಡನ ಗಲ್ಲ ಎತ್ತಿ ಹಿಡಿದು ಹನಿ ಹನಿಯಾಗಿ ಬಾಯಿಗೆ ಬಿಟ್ಟಳು. ಮೊದಲಿನದು ತುಟಿಯಿಂದ ಹೊರಗೆ ಹರಿಯಿತು. "ನುಂಗ್ರೀ," ಎಂದಳು. "ನನ್ನಪ್ಪಾ, ನುಂಗ್ರೀ." ಗಂಟಲು ಒಮ್ಮೆ ಅಲುಗಿತು. ಇನ್ನಷ್ಟು ಬಿಟ್ಟಳು. ಬೆಲ್ಲದ ಚೂರುಗಳನ್ನು ಕೆನ್ನೆಯ ಒಳಗೆ ತಿಕ್ಕಿದಳು. ಅವನು ಅವಳ ಬೆರಳು ಕಚ್ಚಿದ. ಕಚ್ಚಲಿ ಎಂದು ಹಾಗೇ ಇಟ್ಟಳು.

ಬೆಲ್ಲ ಬಾಯಿಗೆ ಬಿದ್ದ ತಕ್ಷಣ ಎದ್ದು ಕೂಡಲು ಅದೇನು ಸಂಜೀವಿನಿಯೇ? ಕಾಯಬೇಕಾಯಿತು. ಆ ಕಾಯುವಿಕೆ ಎಷ್ಟು ಹೊತ್ತಿನದೆಂದು ಆಮೇಲೆ ಯಾರೂ ಸರಿಯಾಗಿ ಹೇಳಲಾರದೆ ಹೋದರು. ಗಿಡದ ಬೇರು ಬಂಡೆಯಿಂದ ಸಡಿಲಾಗುವುದು ಕಾಣುತ್ತಿತ್ತು. ಹೆಂಗಸರ ಅಂಗೈ ಕಿತ್ತು ರಕ್ತ ಬರುತ್ತಿತ್ತು. ಮಾರೆವ್ವ ಮನಸ್ಸಿನಲ್ಲಿ ಗಂಗವ್ವನನ್ನು ಬೇಡಲಿಲ್ಲ, ಬೇಡುವ ಮುಖ ಉಳಿಸಿಕೊಂಡಿರಲಿಲ್ಲ. ಬೆಲ್ಲದ ನೀರು ಕುಡಿಸುತ್ತಾ, ಅವನ ಎದೆಯ ಮೇಲೆ ಇನ್ನೊಂದು ಕೈ ಇಟ್ಟು, ಉಸಿರು ಬರುತ್ತಿದೆಯೇ ಎಂದು ನೋಡುತ್ತಾ ಕೂತಳು.

ಕೊನೆಗೆ ಗಾದಿಲಿಂಗಪ್ಪ ಕಣ್ಣು ತೆರೆದು ಸುತ್ತ ನೋಡಿದ. "ಗಿಡಾ ಯಾಕ ಹಿಡಕೊಂಡೀರಿ?" ಎಂದ. ಯಾರಿಗೂ ನಗು ಬರಲಿಲ್ಲ. ಬಂಡೆ, ನೊರೆ, ಸೆಳೆತ ಎಲ್ಲ ಅವನ ಕಣ್ಣಿಗೆ ಬಿದ್ದವು. ಕಾಲ ಬಳಿ ಬಿದ್ದಿದ್ದ ಹುಟ್ಟು ಎತ್ತಿಕೊಂಡ. ಕೈ ಇನ್ನೂ ನಡುಗುತ್ತಿತ್ತು. ಗಡ್ಡೆಯ ಆಸೆ ಬಿಟ್ಟು, ಸೆಳೆತಕ್ಕೆ ಓರೆಯಾಗಿ ಹರಿಗೋಲು ಜಾರಿಸಿ, ಬಹಳ ಕೆಳಗೆ ಒಂದು ಕಡೆ ದಂಡೆ ಮುಟ್ಟಿಸಿದ. ಹೆಂಗಸರು ಇಳಿದವರೇ ನೆಲದ ಮೇಲೆ ಬಿದ್ದು ಅತ್ತರು.

ಬುಟ್ಟಿಯಲ್ಲಿ ಬೆಲ್ಲ ಇಲ್ಲದ್ದು ಕಂಡಾಗ ಅವನ ಮುಖದ ಬಣ್ಣ ಹೋಯಿತು. "ಎಡಿ ನನಗ ತಿನ್ನಿಸಿದಿ?" ಎಂದ. ಮಾರೆವ್ವ ಹೌದೆಂದು ತಲೆ ಹಾಕಿದಳು. ಅವನು ಬೈಯಲಿಲ್ಲ, ಹೊಳೆಯ ಕಡೆ ನೋಡುತ್ತಾ ಕೂತ. ಹುಟ್ಟಿದಾಗಿನಿಂದ ಆ ನೀರಿಗೆ ಅಂಜದವನು ಅಂದು ಅಂಜಿದ್ದನ್ನು ಅವಳು ಕಂಡಳು. ಸಂಜೆಯಾಗುತ್ತಲೇ ಅವನ ಮಾತು ತೊದಲಿತು, ಮತ್ತೆ ಬೆವರು. ಗಂಗವ್ವ ಬೆನ್ನು ಬಿಟ್ಟಿಲ್ಲವೆಂದು ಮುದುಕಪ್ಪ ಅವನ ತಲೆಯ ಮೇಲಿಂದ ತೆಂಗಿನಕಾಯಿ ಇಳಿಸತೊಡಗಿದ. ಮಾರೆವ್ವ ಕಾಯಿಗೆ ಕಾಯಲಿಲ್ಲ. ಕೊಟ್ಟಿಗೆಯ ಮಾಡಿನಿಂದ ಬೆಲ್ಲದ ಗಡಿಗೆ ಇಳಿಸಿ ಅವನಿಗೆ ತಿನ್ನಿಸಿದಳು. ಬೆಳಗಾಗುತ್ತಲೇ ತಾಜಬೀಯನ್ನೂ ಕರೆದುಕೊಂಡು, ಗಂಡನ ಜೊತೆ ಗಂಗಾವತಿಯ ಬಸ್ಸು ಹತ್ತಿದಳು.

ಈ ಸಲ ಡಾಕ್ಟರ ಮುಂದೆ ಅವಳು ಒಂದನ್ನೂ ಮುಚ್ಚಿಡಲಿಲ್ಲ. ಗಾಳಿ, ತಾಯತ, ಓದಿಸಿದ ಸಕ್ಕರೆ, ಉಪವಾಸ, ಎರಡನೆಯ ಗುಳಿಗೆ, ಎಲ್ಲ ಹೇಳಿದಳು. ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಅದು ಗಾಳಿನೂ ಅಲ್ಲ, ದೇವ್ರೂ ಅಲ್ಲಮ್ಮ. ಗುಳಿಗಿ ರಕ್ತದಾಗಿನ ಸಕ್ಕರಿ ಇಳಸ್ತೈತಿ. ಹೊಟ್ಟಿಗೆ ಊಟ ಬಿದ್ರ ಅದು ಸಮ ಆಗ್ತೈತಿ. ಊಟಾ ಇಲ್ಲ, ಮ್ಯಾಲ ಎರಡು ಗುಳಿಗಿ, ಮ್ಯಾಲ ಹುಟ್ಟು ಹಾಕೂ ದುಡಿತ. ಸಕ್ಕರಿ ಪಾತಾಳಕ್ಕ ಇಳೀತು. ವಯಸ್ಸಾದವರ ಮೈಯಾಗ ಈ ಗುಳಿಗಿ ಭಾಳ ಹೊತ್ತು ನಿಲ್ತೈತಿ, ಅದಕ್ಕ ಸಂಜೀಕ ಮತ್ತ ಬಂತು. ಬೆವರು, ನಡುಕ, ಹುಚ್ಚರಂಗ ಮಾತು ಬಂತಂದ್ರ ಸಕ್ಕರೀನ ಔಷಧ. ಬೆಲ್ಲ ಕೊಡದಿದ್ರ ಹೋಗಿಬಿಡ್ತಿದ್ದ."

"ಹಂಗಾರ ದರ್ಗಾದ ಸಕ್ಕರಿ, ಸಾಹೇಬ್ರ?" ಎಂದಳು ತಾಜಬೀ.

"ಓದಿಸಿದ್ರೂ ಸಕ್ಕರಿ ಸಕ್ಕರೀನ."

"ಆಗ್ಲಿ ಬಿಡ್ರಿ. ಆ ಹೊತ್ತಿಗೆ ಅದು ಮನಿಯಾಗ ಇರೂಹಂಗ ಮಾಡಿದಾವ್ರು ಯಾರು ಮತ್ತ?" ಎಂದು ತಾಜಬೀ ಸೆರಗು ಸರಿಮಾಡಿಕೊಂಡಳು. ಡಾಕ್ಟರು ಗುಳಿಗೆಯನ್ನು ಅರ್ಧಕ್ಕಿಳಿಸಿದರು, ಊಟ ಬಿಟ್ಟ ದಿನ ಮುಟ್ಟಲೇಬಾರದೆಂದರು, ಹರಿಗೋಲಿನಲ್ಲಿ ಬೆಲ್ಲ ಇಟ್ಟುಕೊಳ್ಳಬೇಕೆಂದು ಮೂರು ಮಂದಿಯ ಬಾಯಿಂದಲೂ ಹೇಳಿಸಿದರು.

ಬಸ್ಸಿನಲ್ಲಿ ಮಾರೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು. ಗಾಳಿಯಾಗಿದ್ದರೆ ಗಾಳಿಯನ್ನು ಬೈಯಬಹುದಿತ್ತು. ಗಂಗವ್ವನಾಗಿದ್ದರೆ ಅವಳ ಕಾಲಿಗೆ ಬೀಳಬಹುದಿತ್ತು. "ನಾನ ಕೊಟ್ಟೆ. ನನ್ನ ಕೈಲೆ ಕೊಟ್ಟೆ," ಎಂದಳು. ಗಾದಿಲಿಂಗಪ್ಪ ಅವಳ ಮುಖದ ಮೇಲಿನ ಸೆರಗು ಸರಿಸಿ, "ನೀ ಕೊಟ್ಟಿ, ನಾ ನುಂಗಿದೆ. ಇಬ್ಬರದೂ ಐತಿ," ಎಂದ.

ಒಂದು ವರ್ಷ ದಾಟಿತು. ಅಷ್ಟೂ ದಿನ ಅವನು ಉಂಡ ಮೇಲೆ ಬಟ್ಟಲು ನೋಡಿ, ಆಮೇಲೆಯೇ ಅರ್ಧ ಗುಳಿಗೆ ಕೊಟ್ಟಳು ಮಾರೆವ್ವ. ಮತ್ತೆ ಕೆಂಪು ನೀರು ಬಂತು, ಮತ್ತೆ ಎಡೆಯ ದಿನ. ಗಾದಿಲಿಂಗಪ್ಪ, "ಗುಳಿಗಿ ಬ್ಯಾಡ, ಆದ್ರ ಉಪಾಸ ಮಾಡೇ ಮಾಡ್ತೀನಿ. ಹ್ವಾದ ವರ್ಷದ ತಪ್ಪು ನನ್ನ ತಲೀ ಮ್ಯಾಲ ಐತಿ," ಎಂದು ಹಟ ಹಿಡಿದ. ಹಿಂದಿನ ದಿನದ ಗುಳಿಗೆ ಮೈಯೊಳಗೆ ಇನ್ನೂ ಇದ್ದೀತು, ವಯಸ್ಸಾದವರಲ್ಲಿ ಬಹಳ ಹೊತ್ತು ನಿಲ್ಲುತ್ತದೆ ಎಂಬ ಮಾತು ಮಾರೆವ್ವನ ಕಿವಿಯಲ್ಲಿ ಕೂತಿತ್ತು. ದಂಡೆಗೆ ರೊಟ್ಟಿ, ಪಲ್ಯ, ಮೊಸರಿನ ಬಟ್ಟಲು ಹಿಡಿದುಕೊಂಡೇ ಬಂದಳು. ಅಲ್ಲಿ ಮುದುಕಪ್ಪ ಇದ್ದ, ಪಾರಮ್ಮ ಇದ್ದಳು, ಅರ್ಧ ಊರೇ ಇತ್ತು.

"ಹುಟ್ಟು ಹಾಕಾಂವ ಉಂಡು ಎಡಿ ಬಿಡೂದು ಎಲ್ಲೈತಿ?" ಎಂದು ಮುದುಕಪ್ಪ ಗುಡುಗಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ.

ಭಾವನ ಎದುರು ಮಾರೆವ್ವ ಎಂದೂ ತಲೆ ಎತ್ತಿದವಳಲ್ಲ. ಹೊಳೆಯ ಕಡೆ ತಿರುಗಿ, ನೀರನ್ನೇ ನೋಡುತ್ತಾ ಗಟ್ಟಿಯಾಗಿ ಹೇಳಿದಳು:

"ಗಂಗವ್ವಾ, ಇವರ ಉಪಾಸ ನಾ ಹಿಡದೀನಿ. ನಿನ್ನೆ ಹೊತ್ತು ಮುಳುಗಿದಾಗಿಂದ ಹನಿ ನೀರು ಮುಟ್ಟಿಲ್ಲ. ಹ್ವಾದ ವರ್ಷ ನಿನ್ನ ಎಡಿ ಕದ್ದಾಕಿ ನಾನು, ಇವರಲ್ಲ. ತಗೊಳ್ಳೂದಿದ್ರ ನನ್ನ ತಗೋ."

ಅವಳು ಗಂಡನ ಮುಂದೆ ಕೂತು ರೊಟ್ಟಿ ಮುರಿದು ಚಾಚಿದಳು. ಗಾದಿಲಿಂಗಪ್ಪ ಅಣ್ಣನನ್ನು ನೋಡಿದ, ಹೊಳೆಯನ್ನು ನೋಡಿದ, ಹೆಂಡತಿಯ ಕೈ ನೋಡಿದ. ಬಾಯಿ ತೆರೆದ. ಎಲ್ಲರೆದುರಿಗೆ ಅವಳ ಕೈಯಿಂದಲೇ ಪೂರ್ತಿ ಉಂಡ. ಮುದುಕಪ್ಪ ಬೆನ್ನು ತಿರುಗಿಸಿ ಹೋದ, ಪಾರಮ್ಮ ಮಾತ್ರ ಬುಟ್ಟಿ ತಂದು ಮಾರೆವ್ವನ ಕೈಗಿತ್ತಳು.

ನಡುಹೊಳೆಯಲ್ಲಿ ಎಡೆ ಬಿಟ್ಟರು. ಹೋಳಿಗೆ, ಬಳೆ, ಬೆಲ್ಲ ಎಲ್ಲ ಕೆಂಪು ನೀರಿನಲ್ಲಿ ತಿರುಗಿ ಮುಳುಗಿದವು. ಹರಿಗೋಲು ದಂಡೆಯ ಕಡೆ ಹೊರಳಿತು. ಗಾದಿಲಿಂಗಪ್ಪನ ಅಂಗಿಯ ಬೆನ್ನು ಬೆವರಿನಲ್ಲಿ ನಿಧಾನಕ್ಕೆ ಒದ್ದೆಯಾಗುತ್ತಿರುವುದು ಮಾರೆವ್ವನಿಗೆ ಕಂಡಿತು. ತನ್ನ ಸೊಂಟಕ್ಕೆ ಸಿಕ್ಕಿಸಿದ್ದ ಬೆಲ್ಲದ ಗಂಟಿಗೆ ಅವಳ ಒಂದು ಕೈ ಹೋಯಿತು. ಇನ್ನೊಂದು ಕೈಯನ್ನು ಮೆಲ್ಲಗೆ ಅವನ ಅಂಗಿಯೊಳಗೆ ತೂರಿಸಿ ಬೆನ್ನು ಮುಟ್ಟಿದಳು.

"ಏನ?" ಎಂದ ಅವನು, ಹುಟ್ಟು ನಿಲ್ಲಿಸದೆ.

ಬೆನ್ನು ಬೆಚ್ಚಗಿತ್ತು.

"ಏನಿಲ್ಲ," ಎಂದಳು. "ಹಾಕ್ರಿ." ದಂಡೆ ಮುಟ್ಟುವ ತನಕ ಕೈ ತೆಗೆಯಲಿಲ್ಲ.